ಬಸವಪುರಾಣವನ್ನು ಅಚ್ಚು ಹಾಕಿಸಿದ ಪಾದ್ರಿ: ಹರ್ಮನ್ ಮೊಗ್ಲಿಂಗ್ ಪಂಡಿತರ ಚರಿತ್ರೆ

ಶ್ರಾವಣಮಾಸವು ಬಂದಿತೆಂದರೆ ಬೀದರ, ಭಾಲ್ಕಿ, ಔರಾದ ಪ್ರಾಂತಗಳ ಮಠಗಳಲ್ಲಿ ಪುರಾಣಶ್ರವಣವು ನಡೆಯುವದು. ಹಗಲೆಲ್ಲ ಹೊಲದಲ್ಲಿ ದುಡಿದ ಒಕ್ಕಲುಮಕ್ಕಳು ಸಂಜೆಗೆ ಕೈಕಾಲು ತೊಳೆದು, ವಿಭೂತಿಯನ್ನು ಧರಿಸಿ, ಮಠದ ಪಡಸಾಲೆಯಲ್ಲಿ ಬಂದು ಕೂಡುವರು. ಅವರು ಕೇಳುವ ಕಥೆಗಳಲ್ಲಿ ಹೆಚ್ಚಿನವು ಭೀಮಕವಿಯು 1369ರಲ್ಲಿ ಷಟ್ಪದಿಯಲ್ಲಿ ರಚಿಸಿದ ಬಸವಪುರಾಣದಿಂದ ಬಂದವು. ಆ ಕಥೆಗಳು ನಡೆದ ಕಲ್ಯಾಣವು ಈ ನಾಡಿನದೇ. ಭಾಲ್ಕಿಯಿಂದ ಹೊರಟ ಯಾತ್ರಿಕನು ನಡೆದುಕೊಂಡೇ ಅಲ್ಲಿಗೆ ಹೋಗಿ ಬರುತ್ತಿದ್ದನು. ಸುಮಾರು ಐದು ಶತಮಾನಗಳ ಕಾಲ ಓಲೆಗರಿಯಲ್ಲಿಯೂ ಕೈಬರಹದ ಕಡತದಲ್ಲಿಯೂ ಉಳಿದು ಬಂದ ಆ ಪುರಾಣವು ಅಚ್ಚಿನ ರೂಪವನ್ನು ತಾಳಿದುದು ಮಾತ್ರ ಕಲ್ಯಾಣದಲ್ಲಲ್ಲ, ಯಾವ ಮಠದಲ್ಲಿಯೂ ಅಲ್ಲ. 1850ರಲ್ಲಿ ಮಂಗಳೂರಿನ ಕ್ರೈಸ್ತ ಮಿಶನಿನ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. ಅದನ್ನು ಅಚ್ಚು ಹಾಕಿಸಿದ ಜರ್ಮನ್ ಪಾದ್ರಿಯ ಹೆಸರು ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗರು ಬಸವಪುರಾಣವನ್ನು ಓದುವದಕ್ಕಾಗಿ ಈ ದೇಶಕ್ಕೆ ಬಂದವರಲ್ಲ. ತಮ್ಮ ಕ್ರಿಸ್ತಮತವನ್ನು ಕನ್ನಡಿಗರಿಗೆ ಸಾರುವದಕ್ಕೆ ಬಂದವರು. ಸಾರಿದರು, ಬಹುಕಾಲ ಸಾರಿದರು, ಕೇಳಿ ಒಪ್ಪಿದವರು ಮಾತ್ರ ಅತಿ ಸ್ವಲ್ಪ. ತನ್ನ ಪ್ರಾಣಕ್ಕಿಂತ ಪ್ರಿಯವಾದ ಮಾತನ್ನು ಎದುರಿನವನು ಕಿವಿಯ ಮೇಲೆ ಹಾಕಿಕೊಳ್ಳದೆ ಹೋದಾಗ ಸಾರುವವನು ಏನು ಮಾಡಬೇಕು ಎಂಬ ಪ್ರಶ್ನೆಯು ಪ್ರತಿಯೊಂದು ಧರ್ಮದ ಪ್ರಚಾರಕನನ್ನೂ ಒಂದಿಲ್ಲೊಂದು ದಿನ ಕಾಡುವದು. ಆ ಪ್ರಶ್ನೆಗೆ ಮೊಗ್ಲಿಂಗರು ತಮ್ಮ ಜೀವಿತದಿಂದ ಕೊಟ್ಟ ಉತ್ತರವು ಮಠದ ಭಕ್ತರಿಗೂ ಶಿಷ್ಯರಿಗೂ ವಿಚಾರಯೋಗ್ಯವಾಗಿದೆ.

ಹರ್ಮನ್ ಫ್ರೀಡ್ರಿಖ್ ಮೊಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ 1811ನೆಯ ಇಸವಿ ಮೇ ತಿಂಗಳ 29ನೆಯ ತಾರೀಖಿಗೆ ಜನಿಸಿದರು. ಟ್ಯೂಬಿಂಗನ್ ನಗರದ ವಿದ್ಯಾಪೀಠದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಷ್ಟು ಓದಿದ ತರುಣನು ತನ್ನ ನಾಡಿನಲ್ಲಿಯೇ ಒಂದು ಚರ್ಚಿನ ಗುರುವಾಗಿ, ಮನೆ, ತೋಟ, ಮಾನಮರ್ಯಾದೆಗಳೊಡನೆ ಸುಖವಾಗಿ ಬಾಳಬಹುದಾಗಿದ್ದಿತು. ಆದರೆ ಸ್ವಿತ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾಗಿದ್ದ ಮಿಶನ್ ಮಂಡಲಿಯು ಅವರನ್ನು ಆಕರ್ಷಿಸಿತು. ಆ ಮಂಡಲಿಯ ಮೊದಲನೆಯ ಮೂವರು ಪಾದ್ರಿಗಳು 1834ರ ಅಕ್ಟೋಬರ ತಿಂಗಳಲ್ಲಿ ಮಂಗಳೂರಿಗೆ ಬಂದು ಇಳಿದಿದ್ದರು. ಅವರ ಹಿಂದಿನಿಂದ 1836ರಲ್ಲಿ ಮೊಗ್ಲಿಂಗರೂ ಹಡಗನ್ನು ಏರಿದರು. ಆಗ ಅವರಿಗೆ ವಯಸ್ಸು ಇಪ್ಪತ್ತೈದು.

ಆ ಕಾಲದ ಕನ್ನಡನಾಡು ನಾನಾ ಹೋಳುಗಳಾಗಿ ಹರಿದುಹಂಚಿಹೋಗಿತ್ತು. ಕರಾವಳಿಯು ಮದ್ರಾಸ ಸರಕಾರಕ್ಕೂ, ಧಾರವಾಡವು ಮುಂಬಯಿ ಸರಕಾರಕ್ಕೂ, ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಹೈದರಾಬಾದಿನ ನಿಜಾಮರಿಗೂ ಸೇರಿದ್ದವು. ಮೈಸೂರಿನಲ್ಲಿ ಅರಸರಿದ್ದರೂ ಆಡಳಿತವು ಆಂಗ್ಲರ ಕೈಯಲ್ಲಿತ್ತು. ಬಾಸೆಲಿನವರು ಕರಾವಳಿಯಿಂದ ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ನೆಲೆಗಳನ್ನು ಮಾಡಿಕೊಂಡರು. ಇವೆಲ್ಲವೂ ಲಿಂಗವಂತರು ಹೆಚ್ಚಾಗಿರುವ ಊರುಗಳು. ಮೊಗ್ಲಿಂಗರೂ ಮೊದಲ ವರ್ಷಗಳಲ್ಲಿ ಧಾರವಾಡ ಪ್ರಾಂತದಲ್ಲಿ ಸಂಚರಿಸಿ, ಕನ್ನಡವನ್ನು ಕಲಿತು, ಸಂತೆ ಜಾತ್ರೆಗಳಲ್ಲಿ ನಿಂತು ಮಾತನಾಡತೊಡಗಿದರು.

ಲಿಂಗವಂತರ ವಿಷಯದಲ್ಲಿ ಮಿಶನಿನವರಿಗೆ ವಿಶೇಷವಾದ ಆಶೆಯಿದ್ದಿತು. ಅದಕ್ಕೆ ಕಾರಣಗಳೂ ಇದ್ದವು. ಇವರು ವೈದಿಕ ಪುರೋಹಿತರ ಮೇಲ್ಮೆಯನ್ನು ಒಪ್ಪದವರು. ಒಬ್ಬನೇ ದೇವನನ್ನು ನಂಬಿ ನಡೆಯುವವರು. ಸತ್ತವರನ್ನು ಸುಡದೆ ಸಮಾಧಿ ಮಾಡುವವರು. ಕಾಯಕಕ್ಕೆ ಗೌರವ ಕೊಡುವವರು. ಇಂಥ ಜನರು ತಮ್ಮ ಮಾತಿಗೆ ಹತ್ತಿರವಾಗಿದ್ದಾರೆಂದೂ, ಒಂದು ಹೆಜ್ಜೆ ಮುಂದಿಟ್ಟರೆ ಸಾಕೆಂದೂ ಪಾದ್ರಿಗಳು ಎಣಿಸಿದರು. ಆದರೆ ಅವರು ಒಂದನ್ನು ಮರೆತಿದ್ದರು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿ, ಗುರುವಿನಿಂದ ದೀಕ್ಷೆಯನ್ನು ಪಡೆದು, ಜಂಗಮನನ್ನು ಮನೆಗೆ ಕರೆದು ಉಣಬಡಿಸುವವನಿಗೆ ತಾನು ದೇವರಿಂದ ದೂರವಿದ್ದೇನೆಂಬ ಭಾವನೆಯೇ ಇರುವದಿಲ್ಲ. ಹಸಿವೆಯಿಲ್ಲದವನ ಮುಂದೆ ಎಷ್ಟು ರುಚಿಯಾದ ಎಡೆಯನ್ನಿಟ್ಟರೂ ಅವನು ಕೈ ಮುಗಿದು ಏಳುವನು. ಹತ್ತಿರದವರೆಂದು ತೋರಿದವರೇ ಈ ಕಾರಣದಿಂದ ಎಲ್ಲರಿಗಿಂತ ಗಟ್ಟಿಯಾಗಿ ನಿಂತರು. ಜನರು ಜಗಳಕ್ಕೆ ಬರಲಿಲ್ಲವೆಂದಲ್ಲ. ಆದರೆ ಬಹುಮಟ್ಟಿಗೆ ಸಾವಧಾನವಾಗಿ ಕೇಳಿದರು, ವಾದಿಸಿದರು, ಒಳ್ಳೆಯ ಮಾತೆಂದರು, ಮನೆಗೆ ಹೋದರು.

ಈ ದಿನಗಳಲ್ಲಿಯೇ, 1840ರ ಸುಮಾರಿಗೆ, ಧಾರವಾಡ ಪ್ರಾಂತದಲ್ಲಿ ಒಂದು ವಿಚಿತ್ರ ಸಂಗತಿಯು ನಡೆಯಿತು. ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಜನರ ಒಂದು ಪಂಥವು ಪಾದ್ರಿಗಳನ್ನು ತಾನಾಗಿಯೇ ಅರಸಿಕೊಂಡು ಬಂದಿತು. ಯುಗವು ತಿರುಗುವದೆಂದೂ ಸತ್ಯವನ್ನು ತಿಳಿಸುವವರು ಬರುವರೆಂದೂ ಹೇಳುವ ನುಡಿಗಳು ಇವರಲ್ಲಿ ನೆರವೇರುತ್ತಿರಬಹುದೆಂದು ಅವರಿಗೆ ತೋರಿತು. ಮಿಶನಿನವರಿಗೆ ಹಿಡಿಸಲಾರದ ಹರ್ಷವಾಯಿತು. ಸಾವಿರಾರು ಜನರು ಒಮ್ಮೆಲೇ ಬರುವರೆಂದು ಬಾಸೆಲಿಗೆ ಓಲೆಗಳು ಹೋದವು. ಬಂದವರಿಗೆ ನೆಲೆಯಾಗಲೆಂದು ಗದಗಿನ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಒಂದು ವಸಾಹತನ್ನೂ ಏರ್ಪಡಿಸಿದರು. ಆದರೆ ಎಣಿಸಿದ ಜನವು ಬರಲಿಲ್ಲ. ಕಾಲಜ್ಞಾನಿಗಳು ಕಷ್ಟಕಾಲವು ತೀರಿ ನೆಲ ಮಳೆ ಬೆಳೆಗಳ ಸೌಖ್ಯವುಳ್ಳ ಒಂದು ಹೊಸ ಕಾಲವನ್ನು ಎದುರುನೋಡುತ್ತಿದ್ದರು. ಪಾದ್ರಿಗಳು ಒಬ್ಬೊಬ್ಬನ ಹೃದಯದ ಪಶ್ಚಾತ್ತಾಪವನ್ನು ಎದುರುನೋಡುತ್ತಿದ್ದರು. ಎರಡು ಪಕ್ಷದವರೂ ಇನ್ನೊಬ್ಬರ ಮಾತಿನಲ್ಲಿ ತಮ್ಮ ಬಯಕೆಯನ್ನೇ ಕೇಳಿಕೊಂಡಿದ್ದರು. ಮಾತು ಅರ್ಥವಾದಾಗ ಸಂತೆಯು ಹರಿಯಿತು.

ಜನರು ಮಾತನ್ನು ಒಪ್ಪದೆ ಇದ್ದಾಗ ಪ್ರಚಾರಕರಲ್ಲಿ ಕೆಲವರು ಜನರನ್ನು ಬೈಯುವರು. ಕೆಲವರು ಇನ್ನೂ ಗಟ್ಟಿಯಾಗಿ ಕೂಗುವರು. ಕೆಲವರು ಗಂಟು ಕಟ್ಟಿಕೊಂಡು ಹಿಂದಿರುಗುವರು. ಮೊಗ್ಲಿಂಗರು ಇನ್ನೊಂದು ದಾರಿಯನ್ನು ಹಿಡಿದರು. ತಮ್ಮ ಮಾತು ಜನರಿಗೆ ಮುಟ್ಟದಿರುವದಕ್ಕೆ ತಾವು ಜನರನ್ನು ಅರಿಯದಿರುವದೂ ಒಂದು ಕಾರಣವಾಗಿರಬಹುದೆಂದು ಅವರು ವಿಚಾರಿಸಿದರು. ಬಂಗಲೆಯಲ್ಲಿ ವಾಸಿಸಿ, ಕುರ್ಚಿಯಲ್ಲಿ ಕುಳಿತು, ಕುದುರೆಯೇರಿ ಸಂತೆಗೆ ಬಂದು, ಒಂದು ತಾಸು ಮಾತನಾಡಿ ಹೋಗುವವನನ್ನು ಜನರು ಸರಕಾರದ ಸಾಹೇಬನೆಂದು ಕಾಣುವರಲ್ಲದೆ ಗುರುವೆಂದು ಕಾಣುವದಿಲ್ಲ. ಗುರುವಾಗತಕ್ಕವನು ಶಿಷ್ಯರೊಡನೆ ಇರತಕ್ಕದ್ದು. ಈ ನಿಶ್ಚಯದಿಂದ ಅವರು ಮಂಗಳೂರಿನಲ್ಲಿ ತಮ್ಮ ಪಾಠಶಾಲೆಯ ಹುಡುಗರೊಡನೆ ಒಂದೇ ಮನೆಯಲ್ಲಿ ಇದ್ದು, ಅವರು ಉಣ್ಣುವದನ್ನೇ ಉಂಡು ಬಾಳಿದರು. ಯುರೋಪಿನ ಠೀವಿಯನ್ನು ಬಿಟ್ಟು ಈ ದೇಶದ ಸರಳ ರೀತಿಯಲ್ಲಿ ಬಾಳಬೇಕೆಂಬ ಅವರ ವಿಚಾರವು ಬಾಸೆಲಿನ ಹಿರಿಯರಿಗೆ ಪೂರ್ತಿಯಾಗಿ ಸೇರಲಿಲ್ಲ. ಆದರೂ ಮೊಗ್ಲಿಂಗರ ಮನಸ್ಸು ತಿರುಗಲಿಲ್ಲ. ಮಠಗಳಲ್ಲಿ ಗುರುವೂ ವಟುಗಳೂ ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸುವದನ್ನು ಕಂಡವರಿಗೆ ಈ ವಿಚಾರವು ಹೊಸದಲ್ಲ. ಅನ್ಯದೇಶದವನಿಗೆ ಅದು ಹೊಳೆದುದೇ ವಿಶೇಷವು.

1841ರಲ್ಲಿ ಮೊಗ್ಲಿಂಗರ ಜೊತೆಗಾರರಾದ ಗಾಟ್‌ಫ್ರೀಡ್ ವೈಗ್ಲೆಯವರು ಮುಂಬಯಿಯಿಂದ ಒಂದು ಕಲ್ಲಚ್ಚಿನ ಯಂತ್ರವನ್ನು ಮಂಗಳೂರಿಗೆ ತಂದರು. ಕಲ್ಲಚ್ಚಿನಲ್ಲಿ ಸೀಸದ ಮೊಳೆಗಳು ಬೇಕಾಗುವದಿಲ್ಲ. ಕೈಯಿಂದ ಬರೆದ ಅಕ್ಷರವನ್ನೇ ನುಣುಪಾದ ಕಲ್ಲಿನ ಮೇಲೆ ಇಳಿಸಿ, ಮಸಿ ಬಳಿದು, ಕಾಗದವನ್ನೊತ್ತಿ ಪ್ರತಿಗಳನ್ನು ತೆಗೆಯುವರು. ಓಲೆಗರಿಯ ಪ್ರತಿಗಾರನ ಕೈಬರಹಕ್ಕೂ ಇದಕ್ಕೂ ನೋಟದಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ಓದುಗರ ಕಣ್ಣಿಗೆ ಅದು ಪರಕೀಯವೆನಿಸಲಿಲ್ಲ. ಇದೇ ಯಂತ್ರದಿಂದ 1843ನೆಯ ಇಸವಿ ಜುಲೈ 1ನೆಯ ತಾರೀಖಿಗೆ ಮೊಗ್ಲಿಂಗರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯು ಹೊರಟಿತು. ಕನ್ನಡದಲ್ಲಿ ಪ್ರಕಟವಾದ ಮೊದಲನೆಯ ವೃತ್ತಪತ್ರಿಕೆಯಿದು. ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟಗಳಾಗಿ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರ ಸುದ್ದಿ, ಸರಕಾರದ ಕಾಯಿದೆ, ಪರದೇಶದ ವರ್ತಮಾನ, ಕಥೆ, ಗಾದೆ, ದಾಸರ ಪದ ಎಲ್ಲವೂ ಇರುತ್ತಿದ್ದವು. ಬರಿಯ ಮತಪ್ರಚಾರದ ಓಲೆಯನ್ನು ಹಂಚಿದರೆ ಜನರು ಅದನ್ನು ಮಡಿಚಿ ಮೂಲೆಗಿಡುವರೆಂದೂ, ಅವರಿಗೆ ಬೇಕಾದುದನ್ನು ಕೊಟ್ಟರೆ ಓದುವರೆಂದೂ ಅವರು ಕಂಡುಕೊಂಡಿದ್ದರು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರವೆಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಮುದ್ರಿತವಾಗಿ, ಅದೇ ವರ್ಷ ನಿಂತುಹೋಯಿತು. ಆಯುಸ್ಸು ಅಲ್ಪವಾದರೂ ಅದರ ನೆನಪು ಅಲ್ಪವಾಗಲಿಲ್ಲ. ಕನ್ನಡ ಪತ್ರಿಕೆಗಳವರು ಜುಲೈ 1ನೆಯ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಮೊಗ್ಲಿಂಗರ ಮಾತನ್ನು ಒಪ್ಪಿದವರಲ್ಲಿ ಪ್ರಸಿದ್ಧರಾದವರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು. 1844ರ ಜನವರಿಯಲ್ಲಿ ಈ ತರುಣರು ಕ್ರಿಸ್ತದೀಕ್ಷೆಯನ್ನು ಪಡೆದಾಗ ಊರಿಗೆ ಊರೇ ಕದಡಿತು. ಹಡೆದವರಿಗೂ ಬಂಧುಬಳಗದವರಿಗೂ ಅದು ಮಗನ ಮರಣಕ್ಕಿಂತ ಹೆಚ್ಚಿನ ದುಃಖವಾಯಿತು. ಈ ದೇಶದಲ್ಲಿ ಮತವೆಂಬುದು ಒಬ್ಬನ ಮನಸ್ಸಿನ ಸಂಗತಿ ಮಾತ್ರವಲ್ಲ. ಊಟ, ಉಡುಗೆ, ಮದುವೆ, ಆಸ್ತಿ, ಸಾವು, ಸಂಸ್ಕಾರಗಳೆಲ್ಲವೂ ಅದಕ್ಕೆ ಹೆಣೆದುಕೊಂಡಿರುವವು. ಒಂದು ಎಳೆಯನ್ನು ಎಳೆದರೆ ಬಟ್ಟೆಯೆಲ್ಲವೂ ಹರಿಯುವದು. ಜನರು ಕಿವಿಗೊಡದಿರುವದಕ್ಕೆ ಮೂರ್ಖತನವಾಗಲಿ ಹೃದಯದ ಕಾಠಿಣ್ಯವಾಗಲಿ ಕಾರಣವಲ್ಲವೆಂಬುದನ್ನೂ, ಒಪ್ಪಿದವನು ತೆರಬೇಕಾದ ಬೆಲೆಯು ಎಷ್ಟು ದೊಡ್ಡದೆಂಬುದನ್ನೂ ಈ ಪ್ರಸಂಗವು ತೋರಿಸಿತು. ಕೌಂಡಿನ್ಯರು ಮೊಗ್ಲಿಂಗರೊಡನೆ 1846ರಲ್ಲಿ ಯುರೋಪಿಗೆ ಹೋಗಿ, ಬಾಸೆಲಿನಲ್ಲಿ ಅಭ್ಯಾಸ ಮಾಡಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದರು.

ಇನ್ನು ಮೊಗ್ಲಿಂಗರ ಮಹತ್ಕಾರ್ಯದ ವಿಷಯ. ನೀಲಗಿರಿಯಲ್ಲಿ ನೆಲಸಿದ್ದ ಕಾಸಾಮೇಜರ್ ಎಂಬ ಆಂಗ್ಲ ನಿವೃತ್ತ ಅಧಿಕಾರಿಯು ಬಾಸೆಲಿನವರಿಗೆ ಉಪಕಾರಿಯಾಗಿದ್ದನು. ಜನರು ಏನನ್ನು ನಂಬುವರು, ಏನನ್ನು ಹಾಡುವರು, ಯಾವ ಕಥೆಯನ್ನು ಕೇಳಿ ಕಣ್ಣೀರು ತರುವರು ಎಂಬುದನ್ನು ಅರಿಯದೆ ಅವರಿಗೆ ಬೋಧಿಸುವದು ವ್ಯರ್ಥವೆಂಬುದು ಅವನ ಮತವಾಗಿದ್ದಿತು. ಅವನ ದ್ರವ್ಯಸಹಾಯದಿಂದ ಮೊಗ್ಲಿಂಗರೂ ವೈಗ್ಲೆಯವರೂ ಕನ್ನಡದ ಹಳೆಯ ಕಾವ್ಯಗಳ ಹಸ್ತಪ್ರತಿಗಳನ್ನು ಕೂಡಿಸಿ ಮುದ್ರಿಸತೊಡಗಿದರು. 1848ರಿಂದ 1853ರ ವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಈ ಗ್ರಂಥಗಳು ಹೊರಬಂದವು. ಲಕ್ಷ್ಮೀಶನ ಜೈಮಿನಿಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಇವು ಅದರಲ್ಲಿ ಸೇರಿದವು. ವೈಷ್ಣವರ ಪದಗಳು, ಶಿವಶರಣರ ಪುರಾಣಗಳು ಒಂದೇ ಕಲ್ಲಿನ ಮೇಲೆ, ಒಂದೇ ಮಸಿಯಿಂದ, ಕ್ರೈಸ್ತರ ಕೈಯಿಂದ ಅಚ್ಚಾದವು.

ಈ ಕಾರ್ಯದ ಶ್ರಮವನ್ನು ಈಗಿನವರು ಊಹಿಸುವದು ಕಷ್ಟ. ಓಲೆಗರಿಗಳಲ್ಲಿ ಹುಳು ತಿಂದ ಸ್ಥಳಗಳಿರುವವು. ಪ್ರತಿಗಾರನು ಬಿಟ್ಟ ಪದಗಳಿರುವವು. ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ಪಾಠವು ಕೂಡುವದಿಲ್ಲ. ಷಟ್ಪದಿಯ ಮಾತ್ರೆಗಳು ತಿಳಿಯದಿದ್ದರೆ ಪದವನ್ನು ಒಡೆಯುವದು ತಿಳಿಯದು. ಪಂಡಿತರನ್ನು ಕೂಡಿಸಿಕೊಂಡು, ಒಂದೊಂದು ಪದ್ಯವನ್ನೂ ಓದಿಸಿ ಕೇಳಿ, ಪ್ರತಿ ಮಾಡಿಸಿ ತಿದ್ದಬೇಕು. ಸಂತೆಯಲ್ಲಿ ಮಾತನಾಡುವದಕ್ಕೆ ಬಂದವರು ಹೀಗೆ ವರ್ಷಗಟ್ಟಲೆ ಕುಳಿತು ಕೇಳುವವರಾದರು. ಇದೇ ಕಾರ್ಯಕ್ಕಾಗಿ ಟ್ಯೂಬಿಂಗನ್ ವಿದ್ಯಾಪೀಠವು 1858ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟು ಮನ್ನಿಸಿತು.

ಇಲ್ಲಿ ಸತ್ಯವನ್ನು ಮರೆಮಾಡಬೇಕಾಗಿಲ್ಲ. ಮೊಗ್ಲಿಂಗರು ಶಿವಭಕ್ತರಾಗಿ ಬಸವಪುರಾಣವನ್ನು ಅಚ್ಚು ಹಾಕಿಸಲಿಲ್ಲ. ಈ ದೇಶದ ದೇವತಾಪೂಜೆಯನ್ನು ಅವರ ಮಂಡಲಿಯವರು ಕಠೋರವಾಗಿ ಖಂಡಿಸುತ್ತಿದ್ದರು. ಮೊಗ್ಲಿಂಗರೂ ಆ ಅಭಿಪ್ರಾಯದವರೇ. ಜನರ ನಂಬಿಕೆಯನ್ನು ತಿಳಿದುಕೊಂಡು, ಅದಕ್ಕೆ ತಕ್ಕಂತೆ ತಮ್ಮ ಮತವನ್ನು ಬೋಧಿಸುವದೇ ಅವರ ಉದ್ದೇಶವಾಗಿದ್ದಿತು. ಆದರೆ ಕೃತಿಯು ಕರ್ತೃವಿನ ಉದ್ದೇಶಕ್ಕಿಂತ ದೊಡ್ಡದಾಗಿ ಬೆಳೆಯಿತು. ಪುರಾಣದ ಪಾಠದಲ್ಲಿ ಅವರು ತಮ್ಮ ಮತವನ್ನು ಬೆರೆಸಲಿಲ್ಲ. ತಮಗೆ ಒಪ್ಪಿಗೆಯಾಗದ ಪವಾಡಗಳನ್ನೂ ಇದ್ದಕ್ಕಿದ್ದ ಹಾಗೆಯೇ ಇಳಿಸಿದರು. ಎದುರಾಳಿಯ ಮಾತನ್ನು ಒಂದಕ್ಷರವನ್ನೂ ಕೆಡಿಸದೆ ಕಾಪಾಡುವದು ಪ್ರಾಮಾಣಿಕತೆಯ ಲಕ್ಷಣವು. ಅವರು ಬೀಜವನ್ನು ಬಿತ್ತಿದ್ದು ತಮ್ಮ ಹೊಲಕ್ಕೆಂದು. ಬೆಳೆಯು ಬಂದುದು ನೆರೆಯವನ ಹೊಲದಲ್ಲಿ.

1852ರ ಕೊನೆಗೆ ಮೊಗ್ಲಿಂಗರು ಸ್ವದೇಶಕ್ಕೆ ಹೋಗುವ ಸಿದ್ಧತೆಯಲ್ಲಿದ್ದಾಗ ಕೊಡಗಿನ ಆಲಮಂಡ ಸೋಮಯ್ಯನೆಂಬವನು ಬಂದು ತಮ್ಮ ನಾಡಿಗೆ ಬರಬೇಕೆಂದು ಪ್ರಾರ್ಥಿಸಿದನು. ಪ್ರಯಾಣವನ್ನು ನಿಲ್ಲಿಸಿ ಅವರು 1853ರ ಆದಿಯಲ್ಲಿ ಕೊಡಗಿಗೆ ಹೋದರು. ಹಾಲೇರಿಯ ಲಿಂಗವಂತ ಅರಸರು ಬಹುಕಾಲ ಆಳಿದ ಆ ಸೀಮೆಯನ್ನು ಆಂಗ್ಲರು 1834ರಲ್ಲಿ ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ಸೋಮಯ್ಯನು ದೀಕ್ಷೆಯನ್ನು ಪಡೆದು ಸ್ಟೆಫನಸ್ ಎಂಬ ಹೆಸರನ್ನು ಹೊಂದಿದನು. ಅವನ ಕುಲದವರು ಅವನನ್ನು ದೂರ ಮಾಡಿದರು. ಒಬ್ಬ ಕೊಡವನು ಬಂದ ದಾರಿಯಲ್ಲಿ ಕೊಡವರೆಲ್ಲರೂ ಬರುವರೆಂದು ಎಣಿಸಿದ್ದ ಮೊಗ್ಲಿಂಗರ ಆಶೆಯು ಇಲ್ಲಿಯೂ ಫಲಿಸಲಿಲ್ಲ. ಇಲ್ಲಿಯೂ ಅವರು ಧಾರವಾಡದಲ್ಲಿ ಕಲಿತ ಪಾಠವನ್ನೇ ಅನುಸರಿಸಿದರು. ಕೊಡಗಿನ ಜನಜೀವನವನ್ನೂ ಇತಿಹಾಸವನ್ನೂ ಕುರಿತು 1855ರಲ್ಲಿ ಆಂಗ್ಲಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹಾಲೇರಿ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನು 1857ರಲ್ಲಿ ಬೆಳಕಿಗೆ ತಂದರು.

ಕೊಡಗಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಯಾರೆಂದರೆ, ಅವರು ಕಾದಿದ್ದ ಕುಲೀನರಲ್ಲ. ಗದ್ದೆಗಳಲ್ಲಿ ತಲೆತಲಾಂತರವಾಗಿ ಜೀತಕ್ಕೆ ದುಡಿಯುತ್ತಿದ್ದ ಹೊಲೆಯರು. ಅವರಿಗೆ ನೆಲೆಯಾಗಲೆಂದು ಸಿದ್ಧಾಪುರದ ಸೀಮೆಯಲ್ಲಿ ಒಂದು ಊರನ್ನು ಕಟ್ಟಿ, ಆನಂದರಾವ್ ಕೌಂಡಿನ್ಯರ ಹೆಸರಿನಿಂದ ಅದನ್ನು ಆನಂದಪುರವೆಂದು ಕರೆದರು. ಅಲ್ಲಿ ಅವರಿಗೆ ಮನೆಯೂ ಕೆಲಸವೂ ಮಕ್ಕಳಿಗೆ ಅಕ್ಷರವೂ ದೊರೆತವು. ಅವರು ಬಂದುದು ಬೋಧೆಯ ತರ್ಕವನ್ನು ಒಪ್ಪಿಯೋ, ಹೊಟ್ಟೆಯ ಸಂಕಟಕ್ಕೋ ಎಂದು ಆಗಲೂ ಕೆಲವರು ಕೇಳಿದರು. ಆದರೆ ಆ ಪ್ರಶ್ನೆಯನ್ನು ಕೇಳುವವರು ಇನ್ನೊಂದನ್ನೂ ಕೇಳಿಕೊಳ್ಳತಕ್ಕದ್ದು. ಅಷ್ಟು ಕಾಲವೂ ಆ ಜನರನ್ನು ಹತ್ತಿರಕ್ಕೆ ಕರೆದು ಕುಳ್ಳಿರಿಸಿ ಮಾತನಾಡಿಸಿದವರು ಯಾರು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಮಾಡಿದ ಆ ಕಾರ್ಯವನ್ನು ಅವರ ಹೆಸರನ್ನು ಹೇಳುವವರೇ ಮರೆತ ಊರುಗಳಲ್ಲಿ ಪರದೇಶಿಯೊಬ್ಬನು ಅದನ್ನು ಮಾಡಿದರೆ ದೋಷವು ಅವನದಲ್ಲ.

ಪತ್ನಿಯ ಅಸ್ವಾಸ್ಥ್ಯದ ನಿಮಿತ್ತ ಮೊಗ್ಲಿಂಗರು 1860ರಲ್ಲಿ ಈ ದೇಶವನ್ನು ಬಿಟ್ಟು ಹೋದರು, ಮತ್ತೆ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಬಂದಾಗ ಇಟ್ಟುಕೊಂಡಿದ್ದ ಎಣಿಕೆಗೆ ಹೋಲಿಸಿದರೆ ಅವರ ಕೈಗೆ ಬಂದುದು ಅಲ್ಪವೇ. ಜರ್ಮನಿಯಲ್ಲಿಯೂ ಅವರು ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1866ರಲ್ಲಿ ಕೊಡಗಿನ ಕುರಿತು ಇನ್ನೊಂದು ಗ್ರಂಥವನ್ನು ಹೊರತಂದರು. ಎಸ್ಲಿಂಗನ್ ಎಂಬ ಊರಿನಲ್ಲಿ 1881ನೆಯ ಇಸವಿ ಮೇ 10ನೆಯ ತಾರೀಖಿಗೆ ಅವರು ದೇಹವನ್ನಿಟ್ಟರು. ಕನ್ನಡಿಗರಿಗೆ ಕ್ರಿಸ್ತನನ್ನು ಕುರಿತು ಹೇಳಲು ಹೋದವರು ಕಡೆಯ ವರ್ಷಗಳಲ್ಲಿ ಜರ್ಮನರಿಗೆ ಕನ್ನಡಿಗರನ್ನು ಕುರಿತು ಹೇಳುವವರಾಗಿದ್ದರು.

ಅವರು ಹಾಕಿದ ದಾರಿಯಲ್ಲಿ ಬೇರೆಯವರು ನಡೆದರು. ಬಾಸೆಲಿನವರೇ ಆದ ವುರ್ತ್ ಪಾದ್ರಿಗಳು ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಆಂಗ್ಲಭಾಷೆಗೆ ತಂದು, ಮುಂಬಯಿಯ ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಯ ಮೂಲಕ 1860ರ ದಶಕದಲ್ಲಿ ಲೋಕದ ವಿದ್ವಾಂಸರಿಗೆ ಶರಣರ ಕಥೆಯನ್ನು ತಿಳಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ತಮ್ಮ ಮಹಾನಿಘಂಟನ್ನು ಮುಗಿಸಿದರು. ಆ ನಿಘಂಟಿನಲ್ಲಿ ಪುರಾಣಗಳ ಪದಗಳೂ ಹೊಲಗದ್ದೆಯ ಪದಗಳೂ ಒಂದೇ ಗೌರವದಿಂದ ಕುಳಿತಿವೆ. ವಚನಗಳಿಗೆ ಇಂಥ ಸೇವೆಯು ದೊರೆತುದು ಇನ್ನೂ ತಡವಾಗಿ, ವಿಜಾಪುರದ ಫ. ಗು. ಹಳಕಟ್ಟಿಯವರು ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಓಲೆಗರಿಗಳನ್ನು ಅರಸಿ, ತಮ್ಮ ಮನೆಮಾರನ್ನು ಸವೆಸಿ ಅಚ್ಚು ಹಾಕಿಸಿದರು. ಪರರು ಪುರಾಣವನ್ನು ಅಚ್ಚು ಹಾಕಿಸಿ ಐವತ್ತು ವರ್ಷಗಳ ಮೇಲಾದ ಬಳಿಕ ಸ್ವಕೀಯರಿಗೆ ವಚನಗಳ ಬೆಲೆಯು ತಿಳಿಯಿತೆಂಬುದನ್ನು ನೆನೆಯುವದು ಒಳ್ಳೆಯದು.

ಬೀದರ ಸೀಮೆಗೆ ಬಾಸೆಲಿನವರು ಬರಲಿಲ್ಲ. ನಿಜಾಮರ ರಾಜ್ಯದಲ್ಲಿದ್ದ ಈ ಭಾಗಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೇರಿಕದ ಮೆಥೊಡಿಸ್ಟ್ ಪಂಥದ ಪಾದ್ರಿಗಳು ಬಂದರು. ಬೀದರ ನಗರದ ಮಂಗಲಪೇಟೆಯಲ್ಲಿ ಅವರ ಚರ್ಚೂ ಶಾಲೆಯೂ ನಿಂತವು. ಇಲ್ಲಿಯೂ ನಡೆದುದು ಕೊಡಗಿನಲ್ಲಿ ನಡೆದ ಸಂಗತಿಯೇ. ಮಠಗಳಿಗೆ ನಡೆದುಕೊಳ್ಳುವ ಕುಲದವರು ಕೇಳಿ ಸುಮ್ಮನಾದರು. ಊರ ಹೊರಗಿನ ಕೇರಿಗಳಲ್ಲಿದ್ದವರು ಗುಂಪುಗುಂಪಾಗಿ ಹೋದರು. ಈ ಸಂಗತಿಯನ್ನು ಕಂಡು ಕೋಪಿಸಿಕೊಂಡವರು ಬಹಳ. ತಮ್ಮ ಮಠದ ಬಾಗಿಲನ್ನು ತೆರೆದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ಅಂದಿನ ಔರಾದ ತಾಲೂಕಿನ ಕಮಲನಗರದಲ್ಲಿ ಜನಿಸಿ, ಶಿವಯೋಗಮಂದಿರದಲ್ಲಿ ಅಭ್ಯಾಸ ಮಾಡಿ, ಭಾಲ್ಕಿಯ ಹಿರೇಮಠವನ್ನು ಬೆಳಗಿ, 1999ರಲ್ಲಿ ಲಿಂಗೈಕ್ಯರಾದ ಶ್ರೀ ಚನ್ನಬಸವ ಪಟ್ಟದ್ದೇವರು. ಉರ್ದುವು ರಾಜಭಾಷೆಯಾಗಿದ್ದ ಆ ದಿನಗಳಲ್ಲಿ ಹೊರಗೆ ಉರ್ದುವಿನ ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂದು ಈ ಸೀಮೆಯವರು ಹೇಳಿಕೊಂಡು ಬಂದಿದ್ದಾರೆ. ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಮಠದೊಳಗೆ ಕರೆದು ಓದಿಸಿ ಉಣಿಸಿದಾಗ ಅವರ ಮಾತಿಗೆ ಕಿವಿಗೊಡದವ ಜನರು ಪರಮತದವರಲ್ಲ, ಅವರ ಭಕ್ತರೇ. ಪಟ್ಟದ್ದೇವರು ಅವರನ್ನು ಬೈಯಲಿಲ್ಲ, ತಮ್ಮ ಕಾರ್ಯವನ್ನು ಬಿಡಲೂ ಇಲ್ಲ. ಪಂಕ್ತಿಯನ್ನು ಹಾಕುತ್ತಲೇ ಹೋದರು. ಕಾಲಕ್ರಮದಲ್ಲಿ ಒಲ್ಲೆನೆಂದವರೇ ಬಂದು ಕುಳಿತರು.

ಪರಧರ್ಮದವನಿಗೆ ಬೋಧಿಸುವದಕ್ಕಿಂತ ಸ್ವಧರ್ಮದವನಿಗೆ ಬೋಧಿಸುವದು ಕಷ್ಟವೆಂಬುದು ಮಠಗಳಲ್ಲಿ ಸೇವೆ ಮಾಡಿದವರೆಲ್ಲರೂ ಬಲ್ಲ ಸಂಗತಿ. ಒಬ್ಬನು ಒಪ್ಪದಿದ್ದರೆ ಅವನು ಕೆಟ್ಟವನೆಂದು ತಿಳಿಯಲಾಗದು. ಅವನ ಒಲ್ಲೆನೆಂಬ ಮಾತಿನ ಹಿಂದೆ ಅವನ ಮನೆಯಿದೆ, ಹಿರಿಯರಿದ್ದಾರೆ, ಭಯವಿದೆ, ಕೆಲವು ವೇಳೆ ನ್ಯಾಯವೂ ಇದೆ. ಅದನ್ನು ತಿಳಿಯಬೇಕಾದರೆ ಅವನ ಬಳಿಯಲ್ಲಿ ಕುಳಿತು ಅವನ ಮಾತನ್ನು ಕೊನೆಯ ವರೆಗೆ ಕೇಳಬೇಕು. ಹಾಗೆ ಕೇಳುವವನು ಗೆಲ್ಲುವನೆಂಬ ಭರವಸೆಯಿಲ್ಲ. ಮೊಗ್ಲಿಂಗರು ಗೆಲ್ಲಲಿಲ್ಲ. ಅವರ ಬೋಧೆಯನ್ನು ಒಪ್ಪದವರ ಮಕ್ಕಳಿಗೆ ಅವರು ಅಚ್ಚು ಹಾಕಿಸಿದ ಪುರಾಣವು ಉಳಿಯಿತು. ಅವರ ಮತವನ್ನು ಸೇರದ ನಾಡು ಅವರ ಪತ್ರಿಕೆಯ ದಿನವನ್ನು ವರ್ಷವರ್ಷವೂ ನೆನೆಯುತ್ತದೆ. ಪರಮತದವರಾದರೂ ಬಸವಪುರಾಣಕ್ಕೆ ಶ್ರಮಿಸಿದ ಆ ಜೀವವನ್ನು ಪುರಾಣಶ್ರವಣದ ಕಾಲದಲ್ಲಿ ಒಮ್ಮೆ ನೆನೆಯುವದು ಭಕ್ತರಿಗೆ ಉಚಿತವಾದುದು. ಉಪಕಾರಸ್ಮರಣೆಯು ಶರಣಧರ್ಮಕ್ಕೆ ಹೊರತಾದುದಲ್ಲ.